ನೂರಕ್ಕೆ ತೊಂಬತ್ತಾರು

ಎಲ್ಲದಕ್ಕೂ ಕಾರಣ ಮುಂಬಾಗಿಲ ಮೇಲೆ ಕೂತಿದ್ದ, ಸೋಪಿನ ಡಬ್ಬಿಯಷ್ಟೇ ಇದ್ದ ಒಂದು ಕಪ್ಪು ಯಂತ್ರ. ಅದಕ್ಕೊಂದು ಕೆಂಪು ಕಣ್ಣು. ಯಾರಾದರೂ ಒಳಗೆ ಕಾಲಿಟ್ಟರೆ ಆ ಕಣ್ಣು ಒಮ್ಮೆ ಮಿಟುಕುತ್ತಿತ್ತು, ಕೂಡಲೇ ಬಿಲ್ ಮಾಡುವ ಕೌಂಟರಿನ ಪರದೆಯಲ್ಲಿ ಒಂದು ಅಂಕಿ ಏರುತ್ತಿತ್ತು. ಅದರ ಪಕ್ಕದಲ್ಲೇ ಎಷ್ಟು ಬಿಲ್ ಆಯಿತು ಅನ್ನುವ ಇನ್ನೊಂದು ಅಂಕಿ. ಬಂದ ನೂರು ಜನಕ್ಕೆ ಎಷ್ಟು ಬಿಲ್ ಆಯಿತು ಅನ್ನುವುದೇ ಅಂಗಡಿಯ ಆರೋಗ್ಯ ಎಂದು ಹೆಡ್ ಆಫೀಸಿನವರು ಹೊಸದಾಗಿ ಕಂಡುಹಿಡಿದು, ತಮ್ಮ ಇಪ್ಪತ್ತು ಶಾಖೆಗಳಿಗೂ ಒಂದೊಂದು ಡಬ್ಬಿ ಬಿಗಿಸಿದ್ದರು.

ಏಳನೇ ಶಾಖೆಯಲ್ಲಿ ಬಕೆಟ್ಟಿನಿಂದ ಬ್ಯಾಟರಿಯವರೆಗೆ, ಸೋಪಿನಿಂದ ಸುತ್ತಿಗೆಯವರೆಗೆ ಮನೆಗೆ ಬೇಕಾದ್ದೆಲ್ಲ ಸಿಗುತ್ತಿತ್ತು. ಅದರ ಮ್ಯಾನೇಜರು ಬೆಳಗ್ಗೆ ಒಂಬತ್ತಕ್ಕೆ ಕನ್ನಡಕ ಒರೆಸಿಕೊಂಡು ಹೆಡ್ ಆಫೀಸಿನ ಸಂದೇಶ ಓದಿದರು. ‘ಈ ದಿನ ಸಂಜೆ ಆರು ಗಂಟೆಯ ಅಂಕಿ ನೋಡಿ, ಹತ್ತೊಂಬತ್ತನೇ ಶಾಖೆಗೆ ಯಾವ ಮ್ಯಾನೇಜರನ್ನು ಕಳಿಸಬೇಕೆಂದು ತೀರ್ಮಾನಿಸಲಾಗುವುದು.’

ಅವರು ಕನ್ನಡಕವನ್ನು ಇನ್ನೊಮ್ಮೆ ಒರೆಸಿಕೊಂಡು ಮತ್ತೆ ಓದಿದರು. ಹತ್ತೊಂಬತ್ತನೇ ಶಾಖೆ ಬಸ್ಸಿನಲ್ಲಿ ಒಂಬತ್ತು ಗಂಟೆಯ ದಾರಿ. ಅಲ್ಲಿಗೆ ಹೋದ ಮೂವರು ಮ್ಯಾನೇಜರುಗಳಲ್ಲಿ ಒಬ್ಬ ಕೆಲಸ ಬಿಟ್ಟ, ಇನ್ನೊಬ್ಬ ಗಡ್ಡ ಬಿಟ್ಟ, ಮೂರನೆಯವನ ಸುದ್ದಿಯೇ ಇಲ್ಲ.

ಅದಕ್ಕಿಂತ ದೊಡ್ಡ ಭಯ ಮನೆಯಲ್ಲಿತ್ತು. ಆರು ವರ್ಷದಲ್ಲಿ ನಾಲ್ಕು ವರ್ಗಾವಣೆ ಕಂಡಿದ್ದ ಅವರ ಹೆಂಡತಿ, ಹೇಗಿದ್ದರೂ ಬಿಟ್ಟುಹೋಗುವ ಮನೆ ತಾನೇ ಎಂದು ಎಲ್ಲೂ ಗೋಡೆಗೆ ಒಂದು ಮೊಳೆ ಹೊಡೆಸಿದವಳಲ್ಲ. ಗಡಿಯಾರ ಆರು ವರ್ಷ ಕಪಾಟಿಗೆ ಒರಗಿಕೊಂಡೇ ಟಿಕ್ ಟಿಕ್ ಅಂದಿತ್ತು. ಈ ಊರಿನಲ್ಲಿ ಮಗಳಿಗೆ ಒಳ್ಳೆಯ ಶಾಲೆ ಸಿಕ್ಕಿ, ತನಗೂ ಗ್ರಂಥಾಲಯದಲ್ಲಿ ಕೆಲಸ ಸಿಕ್ಕ ಮೇಲೆ, ಹೋದ ಭಾನುವಾರವಷ್ಟೇ ಧೈರ್ಯ ಮಾಡಿ ಏಳು ಮೊಳೆ ಹೊಡೆಸಿದ್ದಳು. ಹೊಡೆಸಿ, “ನೋಡ್ರೀ, ಇನ್ನು ಈ ಮೊಳೆ ಕೀಳೋ ದಿನ ಬಂದ್ರೆ, ಗಡಿಯಾರ ನಾನು ಇಲ್ಲೇ ಇರ್ತೀವಿ. ನೀವು ಹೋಗ್ಬನ್ನಿ” ಅಂದಿದ್ದಳು. ಅವಳು ತಮಾಷೆ ಮಾಡುವವಳಲ್ಲ.

ಹತ್ತು ಗಂಟೆಗೆ ಪರದೆ ನೋಡಿದರೆ, ಬಂದವರು ತೊಂಬತ್ತು, ಬಿಲ್ ಹತ್ತು. ಅಂದರೆ ನೂರಕ್ಕೆ ಹನ್ನೊಂದು. ಬೇರೆ ಶಾಖೆಗಳಲ್ಲೆಲ್ಲ ಮೂವತ್ತರ ಮೇಲೆ.

“ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ ಅಂತಾರೆ. ಅಂಗಡಿಗೆ ಬಂದವರು ಬಿಲ್ಲಿಗೆ ಯಾಕೆ ಬರ್ತಿಲ್ಲಮ್ಮ?” ಎಂದು ಮ್ಯಾನೇಜರು ಕ್ಯಾಷಿಯರಮ್ಮನನ್ನು ಕೇಳಿದರು.

ಕ್ಯಾಷಿಯರಮ್ಮ ಇಪ್ಪತ್ತು ವರ್ಷದಿಂದ ಅದೇ ಕುರ್ಚಿಯಲ್ಲಿ ಕೂತವರು. ಮ್ಯಾನೇಜರುಗಳು ಬರುತ್ತಾರೆ, ಹೋಗುತ್ತಾರೆ, ಕುರ್ಚಿ ಶಾಶ್ವತ ಎಂದು ನಂಬಿದವರು. “ಅವರು ಅಂಗಡಿಗೆ ಬಂದೋರಲ್ಲ ಸಾರ್, ಬಸ್ಸಿಗೆ ಹೋಗೋರು” ಅಂದರು.

ನಿಜ. ಬಸ್ ಸ್ಟಾಪು ಅಂಗಡಿಯ ಹಿಂದಿನ ರಸ್ತೆಯಲ್ಲಿತ್ತು. ಸುತ್ತಿಕೊಂಡು ಹೋದರೆ ಐದು ನಿಮಿಷ, ಅಂಗಡಿಯ ಮುಂಬಾಗಿಲಲ್ಲಿ ನುಗ್ಗಿ ಹಿಂಬಾಗಿಲಲ್ಲಿ ಹೊರಬಿದ್ದರೆ ಅರ್ಧ ನಿಮಿಷ. ಬೀದಿಯವರೆಲ್ಲ ವರ್ಷಗಳಿಂದ ಪೊರಕೆ, ಫಿನಾಯಿಲುಗಳ ನಡುವೆಯೇ ನಡೆದು ಬಸ್ಸು ಹಿಡಿಯುತ್ತಿದ್ದರು. ಪರಿಚಯದವರು ಹೋಗುವಾಗ ಕ್ಯಾಷಿಯರಮ್ಮನಿಗೆ ಕೈಯನ್ನೂ ಬೀಸುತ್ತಿದ್ದರು. ಯಂತ್ರಕ್ಕೆ ಇದೆಲ್ಲ ಏನು ಗೊತ್ತು, ಅದು ಎಲ್ಲರನ್ನೂ ಗಿರಾಕಿ ಎಂದೇ ಎಣಿಸುತ್ತಿತ್ತು. ಇದು ನಿಜವೇ ಎಂದು ಪರೀಕ್ಷಿಸಲು ಮ್ಯಾನೇಜರು ತಾವೇ ಹೊರಗೆ ಹೋಗಿ ಒಳಗೆ ಬಂದರು. ನಂಬಿಕೆಯಾಗದೆ ಇನ್ನೂ ಐದು ಸಲ ಬಂದರು. ಏನೂ ಕೊಳ್ಳದ ಆರು ಜನ ಲೆಕ್ಕಕ್ಕೆ ಸೇರಿದರು.

“ಸಾರ್, ದಯವಿಟ್ಟು ಒಂದು ಕಡೆ ನಿಂತ್ಕೊಳ್ಳಿ” ಅಂದರು ಕ್ಯಾಷಿಯರಮ್ಮ.

ಪಕ್ಕದಂಗಡಿಯ ಟೈಲರ್ ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡು ಬಂದ. ಬೀದಿಯಲ್ಲಿ ಯಾರಿಗೆ ತೊಂದರೆಯಾದರೂ ಮೊದಲು ಅವನಿಗೇ ತಿಳಿಯುತ್ತಿತ್ತು. ಆಮೇಲೆ ಅದು ದೊಡ್ಡದಾಗುತ್ತಿತ್ತು.

“ಇದಕ್ಯಾಕೆ ಇಷ್ಟು ತಲೆಬಿಸಿ ಮ್ಯಾನೇಜರ್ರೇ? ಹಿಂಬಾಗಿಲಿಗೆ ಬೀಗ ಹಾಕಿ. ದಾರಿ ಇಲ್ಲ ಅಂದ್ರೆ ಯಾರು ಬರ್ತಾರೆ?”

ಮಾತು ಸರಿಯೆನ್ನಿಸಿತು. ಬೀಗ ಬಿತ್ತು. ಆದರೆ ಬೀಗ ಇದ್ದದ್ದು ಹಿಂದೆ, ಜನ ಬರುತ್ತಿದ್ದದ್ದು ಮುಂದೆ. ಅವರು ಎಂದಿನಂತೆ ಒಳಗೆ ಬಂದರು, ಬೀಗ ನೋಡಿದರು, ಹೊರಗೆ ಹೋದರು, ಈಗಲಾದರೂ ತೆಗೆದಿರಬಹುದು ಎಂದು ಮತ್ತೆ ಬಂದರು. ನಿವೃತ್ತ ಮೇಷ್ಟ್ರೊಬ್ಬರು ಮೂರು ಸಲ ಬಂದು, ಮೂರನೇ ಸಲ ಬೀಗದ ಮುಂದೆಯೇ ನಿಂತುಬಿಟ್ಟರು.

“ಮೂವತ್ತು ವರ್ಷದಿಂದ ಇದೇ ದಾರೀಲಿ ಓಡಾಡ್ತಿದ್ದೀನಿ. ಯಾರನ್ನ ಕೇಳಿ ಮುಚ್ಚಿದ್ರಿ?”

“ಮೇಷ್ಟ್ರೇ, ಇದು ಅಂಗಡಿ, ರಸ್ತೆ ಅಲ್ಲ.”

“ಅಂಗಡಿ ಆಮೇಲೆ ಆಗಿದ್ದು ಕಣಯ್ಯ. ಮೊದಲು ಇಲ್ಲಿ ಓಣಿ ಇತ್ತು.”

ಅಷ್ಟರಲ್ಲಿ ಮೇಷ್ಟ್ರ ಬಸ್ಸು ಹೋಯಿತು. ಅವರ ಪರವಾಗಿ ವಾದಿಸಲು ಹದಿನೈದು ಮಂದಿ ಒಳಗೆ ಬಂದರು. ಹನ್ನೆರಡು ಗಂಟೆಗೆ ಬಂದವರು ನೂರ ಎಂಬತ್ತು, ಬಿಲ್ ಹದಿನಾರು. ನೂರಕ್ಕೆ ಒಂಬತ್ತೂ ಇಲ್ಲ. ಬಾಣಲೆಯಿಂದ ಬೆಂಕಿಗೆ ಬಿದ್ದಂತಾಯಿತು. ಮ್ಯಾನೇಜರಿಗೆ ಕಣ್ಣು ಮುಚ್ಚಿದರೂ ಏಳು ಮೊಳೆಗಳೇ ಕಾಣುತ್ತಿದ್ದವು.

ಮೇಷ್ಟ್ರಿಗೆ ಒಂದು ಸ್ಟೂಲು ಕೊಟ್ಟು ಸಮಾಧಾನ ಮಾಡಿದ ಮೇಲೆ, ಅವರು ಶಾಂತವಾಗಿ ವಿಷಯವೆಲ್ಲ ಕೇಳಿ ತಿಳಿದುಕೊಂಡರು. ಲೆಕ್ಕದ ಮೇಷ್ಟ್ರು ಅವರು. “ಕೆಳಗಿನ ಅಂಕಿ ಕಡಿಮೆ ಮಾಡೋಕಾಗದಿದ್ರೆ ಮೇಲಿನ ಅಂಕಿ ಜಾಸ್ತಿ ಮಾಡಬೇಕಪ್ಪ. ಇದು ಐದನೇ ಕ್ಲಾಸಿನ ಭಿನ್ನರಾಶಿ ಪಾಠ” ಅಂದರು.

ಹಾಗೆ ಶುರುವಾಯಿತು ಮಧ್ಯಾಹ್ನದ ವ್ಯಾಪಾರ. ಮ್ಯಾನೇಜರು ಮುಂಬಾಗಿಲಿನ ಹೊರಗೆ ಒಂದು ಕುರ್ಚಿ ಹಾಕಿಕೊಂಡು ಕೂತರು. ಬಸ್ಸಿಗೆ ಹೋಗುವವರನ್ನು ಟೈಲರ್ ತನ್ನ ಅಂಗಡಿಯೊಳಗಿಂದ ದಾಟಿಸಿದ. ಅವನಂಗಡಿಗೂ ಒಂದು ಹಿಂಬಾಗಿಲಿತ್ತು, ಡಬ್ಬಿ ಮಾತ್ರ ಇರಲಿಲ್ಲ. ಮ್ಯಾನೇಜರು ಗಿರಾಕಿಗಳನ್ನು ಒಳಗೇ ಬಿಡಲಿಲ್ಲ. ಏನು ಬೇಕೆಂದು ಕೇಳಿ, ಸಾಮಾನನ್ನು ಬಾಗಿಲಿಗೇ ತರಿಸಿ, ಒಂದೊಂದು ಸಾಮಾನಿಗೆ ಒಂದೊಂದು ಬಿಲ್ ಹರಿದುಕೊಟ್ಟರು. ಹನ್ನೆರಡು ಸಾಮಾನು ಕೊಂಡ ಗೃಹಿಣಿಯೊಬ್ಬರಿಗೆ ಹನ್ನೆರಡು ಬಿಲ್ ಸಿಕ್ಕಿತು. ಅವರು ಅದನ್ನೆಲ್ಲ ಹಿಡಿದುಕೊಂಡು, “ಇದೇನ್ರೀ, ನಾನು ಒಂದ್ಸಲ ಬಂದಿದ್ದೋ ಹನ್ನೆರಡು ಸಲವೋ?” ಎಂದು ಕೇಳಿದರು. ಆ ಹೊತ್ತಿಗೆ ಮ್ಯಾನೇಜರಿಗೂ ಅದು ಸರಿಯಾಗಿ ಗೊತ್ತಿರಲಿಲ್ಲ. ಕ್ಯಾಷಿಯರಮ್ಮನ ಬಿಲ್ಲಿನ ಸುರುಳಿ ಮೂರು ಸಲ ಮುಗಿಯಿತು.

ನಾಲ್ಕೂವರೆಗೆ ಹೆಡ್ ಆಫೀಸಿನಿಂದ ಫೋನ್ ಬಂತು.

“ಏಳನೇ ಶಾಖೆನಾ? ಬಂದವರು ಇನ್ನೂರು, ಬಿಲ್ ಇನ್ನೂರ ಹದಿನೈದು ಅಂತ ತೋರಿಸ್ತಿದೆ. ಬರದೇ ಇದ್ದವರೂ ಕೊಂಡ್ರೇನ್ರೀ?”

ಮ್ಯಾನೇಜರು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದರು.

“ನೂರು ದಾಟಿದ್ರೆ ಯಂತ್ರ ಕೆಟ್ಟಿದೆ ಅಂತ ಅರ್ಥ. ಆರು ಗಂಟೆಗೂ ಹೀಗೇ ಇದ್ರೆ ನಿಮ್ಮ ಅಂಕೀನ ಸೊನ್ನೆ ಅಂತ ಹಾಕ್ತೀವಿ.”

ಸೊನ್ನೆ. ಒಂಬತ್ತಾದರೂ ಒಂದು ಅಂಕಿ. ಮ್ಯಾನೇಜರ ತಲೆ ಮೊಸರುಗಡಿಗೆಯಾಯಿತು. ಬೆಳಗ್ಗೆಯಿಂದ ಜನ ಬರಬಾರದು ಎಂದು ಬೇಡಿಕೊಂಡವರು ಈಗ ಬೀದಿಗೆ ಓಡಿ ಕೈಮುಗಿದರು. “ಬನ್ನಿ, ಒಳಗೆ ಬನ್ನಿ. ಏನೂ ಕೊಳ್ಳಬೇಡಿ, ಸುಮ್ನೆ ಬನ್ನಿ.”

ಕರೆದರೆ ಬರುವವರು ಯಾರು? ಬೆಳಗ್ಗೆ ಓಡಿಸಿದ ಅಂಗಡಿಯವನು ಸಂಜೆ ಕರೆಯುತ್ತಿದ್ದಾನೆಂದರೆ ಏನೋ ಮೋಸವಿದೆ ಎಂದು ಜನ ಎದುರಿನ ಕಡೆಯಿಂದಲೇ ನೋಡಿ ಹೋದರು. ಕೊನೆಗೆ ಬಂದವರು ಟೈಲರ್ ಮತ್ತು ಮೇಷ್ಟ್ರೇ. ಇಬ್ಬರೂ ಮುಂಬಾಗಿಲಲ್ಲಿ ಒಳಗೆ ಬಂದು, ಬೀಗ ತೆಗೆಸಿದ ಹಿಂಬಾಗಿಲಲ್ಲಿ ಹೊರಗೆ ಹೋಗಿ, ಟೈಲರಂಗಡಿಯ ಮೂಲಕ ಮತ್ತೆ ಮುಂದಕ್ಕೆ ಬಂದರು. ಒಬ್ಬೊಬ್ಬರಿಗೂ ಇಪ್ಪತ್ತು ಸುತ್ತು. ಎಂಟನೇ ಸುತ್ತಿನಲ್ಲಿ ಮೇಷ್ಟ್ರು, “ಡಾಕ್ಟ್ರು ದಿನಾ ನಡೀಬೇಕು ಅಂದಿದ್ರು, ಅದೂ ಆಯ್ತು” ಅಂದರು. ಹದಿನೈದನೇ ಸುತ್ತಿನಲ್ಲಿ ಸ್ಟೂಲು ಕೇಳಿದರು. ನಡುವೆ ಇನ್ನೂ ಹದಿನೈದು ಬಿಲ್ ಆದವು.

ಆರು ಗಂಟೆಗೆ ಪರದೆಯಲ್ಲಿ ಬಂದವರು ಇನ್ನೂರ ನಲವತ್ತು, ಬಿಲ್ ಇನ್ನೂರ ಮೂವತ್ತು. ನೂರಕ್ಕೆ ತೊಂಬತ್ತಾರು. ಮ್ಯಾನೇಜರು ಒಂದು ಚೊಂಬು ನೀರು ಕುಡಿದು, ಬೆಳಗ್ಗೆಯಿಂದ ಮೊದಲ ಸಲ ನಕ್ಕರು.

ಆರೂ ಕಾಲಿಗೆ ಹೆಡ್ ಆಫೀಸಿನ ಸಾಹೇಬರು ಕಾರಿನಿಂದ ಇಳಿದು, ನೆಟ್ಟಗೆ ಬಂದು ಮ್ಯಾನೇಜರ ಕೈ ಕುಲುಕಿದರು.

“ಮಧ್ಯಾಹ್ನ ಒಂಬತ್ತು, ಸಂಜೆ ತೊಂಬತ್ತಾರು. ಇಪ್ಪತ್ತು ಶಾಖೆಗಳಲ್ಲಿ ನೀವೇ ಮೊದಲು ಕಣ್ರೀ. ತಗೊಳ್ಳಿ.” ಒಂದು ಕವರು ಕೊಟ್ಟರು.

ಮ್ಯಾನೇಜರು ಬಿಚ್ಚಿ ಓದಿದರು. ಹತ್ತೊಂಬತ್ತನೇ ಶಾಖೆಗೆ ವರ್ಗಾವಣೆ. ಸೋಮವಾರದೊಳಗೆ ಹಾಜರಾಗಬೇಕು.

“ಸಾರ್, ಇದು ಕೊನೇಲಿರೋರಿಗೆ ಅಲ್ವಾ?”

“ಕೆಟ್ಟಿರೋ ಅಂಗಡಿಗೆ ಕೆಡಿಸೋರನ್ನೇ ಕಳಿಸ್ತಾರೇನ್ರೀ? ಅಲ್ಲಿಗೆ ಬೇಕಾಗಿರೋದು ರಿಪೇರಿ ಮಾಡೋರು.”

“ಹಾಗಾದ್ರೆ ಕೊನೇಲಿರೋರನ್ನ ಏನ್ಮಾಡ್ತೀರಿ?”

“ಏನ್ಮಾಡೋದು? ಅವರನ್ನ ಯಾವ ಊರಿನವರು ತಗೋತಾರೆ? ಇದ್ದಲ್ಲೇ ಇರ್ತಾರೆ. ಹನ್ನೆರಡನೇ ಶಾಖೆಯವರು ಹತ್ತು ವರ್ಷದಿಂದ ಎಲ್ಲದರಲ್ಲೂ ಕೊನೆ. ಹೋದ ತಿಂಗಳು ಅಲ್ಲೇ ಸ್ವಂತ ಮನೆ ಕಟ್ಟಿಸಿದ್ರು.”

ಮ್ಯಾನೇಜರಿಗೆ ಅಳು ಬಂತು. ಇದ್ದ ಮಾನವನ್ನೆಲ್ಲ ಪಕ್ಕಕ್ಕಿಟ್ಟು ನಿಜ ಹೇಳಿಬಿಟ್ಟರು. ಜನರನ್ನು ಬಾಗಿಲಲ್ಲೇ ತಡೆದದ್ದು, ಒಂದು ಬಿಲ್ಲನ್ನು ಹನ್ನೆರಡು ಮಾಡಿದ್ದು, ಮೇಷ್ಟ್ರನ್ನು ಇಪ್ಪತ್ತು ಸುತ್ತು ತಿರುಗಿಸಿದ್ದು, ಒಂದನ್ನೂ ಬಿಡಲಿಲ್ಲ. ಸಾಹೇಬರು ಜೇಬಿನಿಂದ ಪುಸ್ತಕ ತೆಗೆದು ಗಂಭೀರವಾಗಿ ಬರೆದುಕೊಂಡರು.

“ಕೊಳ್ಳುವವರನ್ನ ಬಾಗಿಲಲ್ಲೇ ಗುರುತಿಸೋದು. ಸರಿ. ಪ್ರತಿ ಸಾಮಾನಿಗೂ ಗಮನ ಕೊಡೋದು. ಸರಿ. ಬೀದಿಯ ಹಿರಿಯರನ್ನ ಜೊತೇಲಿ ಸೇರಿಸಿಕೊಳ್ಳೋದು. ಬಹಳ ಸರಿ. ಎಲ್ಲಾ ಒಂದೇ ದಿನದಲ್ಲಿ. ಇದನ್ನೇ ಅಲ್ಲೂ ಮಾಡಿ.” ಅವರು ಪುಸ್ತಕ ಮುಚ್ಚಿ ಕಾರು ಹತ್ತಿದರು.

ಟೈಲರ್ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಅಷ್ಟು ಹೊತ್ತು ಅಲ್ಲಿದ್ದವನು ಈಗ ಕಾಣಲಿಲ್ಲ. ಮ್ಯಾನೇಜರ ಹೆಂಡತಿ ಕೆಲಸ ಮಾಡುವ ಗ್ರಂಥಾಲಯ ಎರಡೇ ಬೀದಿ ಆಚೆಗಿತ್ತು. ಮನೆಗೆ ಹೋಗಿ ಹೆಂಡತಿಗೆ ಹೇಗೆ ಹೇಳುವುದು, ಯಾವ ಮಾತಿನಿಂದ ಶುರು ಮಾಡುವುದು ಎಂದು ಮ್ಯಾನೇಜರು ಕೌಂಟರಿಗೆ ಒರಗಿ ಯೋಚಿಸುತ್ತಿದ್ದಾಗ, ಬಾಗಿಲ ಮೇಲಿನ ಕೆಂಪು ಕಣ್ಣು ಮಿಟುಕಿತು.

ಹೆಂಡತಿ ಒಳಗೆ ಬಂದಳು. ಗಂಡನ ಮುಖ ನೋಡಲಿಲ್ಲ. ನೇರ ಕ್ಯಾಷಿಯರಮ್ಮನ ಹತ್ತಿರ ಹೋದಳು.

“ಮೊಳೆ ಕೀಳೋ ಇಕ್ಕಳ ಇದೆಯೇನಮ್ಮ?”

ಕ್ಯಾಷಿಯರಮ್ಮ ಮ್ಯಾನೇಜರ ಕಡೆ ಒಮ್ಮೆ ನೋಡಿ, ಕಪಾಟಿನಿಂದ ಇಕ್ಕಳ ತಂದುಕೊಟ್ಟರು. “ಕೀಳಬೇಡ ಕಣೇ, ಒಂದು ಮಾತು ಕೇಳು” ಅಂದರು ಮ್ಯಾನೇಜರು.

“ಕೀಳೋದು ಒಂದೇ ಮೊಳೆ. ನಿಮ್ಮ ಅಂಗಿ ನೇತುಹಾಕೋದು” ಅಂದಳು ಅವಳು. ದುಡ್ಡು ಕೊಟ್ಟಳು, ಚೀಟಿ ಮಡಿಚಿ ಪರ್ಸಿಗೆ ಹಾಕಿಕೊಂಡಳು, ಬೀಗ ತೆಗೆದಿದ್ದ ಹಿಂಬಾಗಿಲಿನಿಂದ ಬಸ್ಸಿಗೆ ಹೋದಳು.

ಆ ದಿನ ಮಧ್ಯಾಹ್ನ ಹನ್ನೆರಡರಿಂದೀಚೆಗೆ ಯಾರೂ ತಡೆಯದೆ, ಯಾರೂ ಕರೆಯದೆ ತಾನಾಗಿ ಬಂದು, ಬೇಕಾದ ಒಂದೇ ಸಾಮಾನು ಕೇಳಿ, ಒಂದೇ ಬಿಲ್ ತೆಗೆದುಕೊಂಡು ಹೋದ ಗಿರಾಕಿ ಅವಳೊಬ್ಬಳೇ.