ಹಳಿಯಿಲ್ಲದ ಸ್ಟೇಷನ್ನಿನ ಪುನರುದ್ಧಾರ

ಬಹಳ ಹಿಂದೆ ಘೋಷಣಾವತಿ ಎಂಬ ರಾಜ್ಯವಿತ್ತು. ಅದಕ್ಕೂ ನಿಮ್ಮ ರಾಜ್ಯಕ್ಕೂ ಯಾವ ಹೋಲಿಕೆಯೂ ಇಲ್ಲ, ಓದುಗ ಮಹಾಶಯರೇ. ಕಂಡುಬಂದರೆ ಅದು ಆ ರಾಜ್ಯದವರ ಉದ್ಧಟತನ.

ಅಲ್ಲಿನ ಕರೇಕಟ್ಟಿ ಎಂಬ ಊರಲ್ಲಿ ಒಂದು ಹಳೆಯ ರೈಲ್ವೆ ಸ್ಟೇಷನ್ ಇತ್ತು. ರೈಲು ನಿಂತು ಮೂವತ್ತು ವರ್ಷವಾಗಿತ್ತು. ಹಳಿಗಳನ್ನು ಕಿತ್ತು ಅರಮನೆಯ ಆನೆಲಾಯಕ್ಕೆ ಬೇಲಿ ಹಾಕಿದ್ದರು. ಪಾಳುಬಿದ್ದ ಕಟ್ಟಡಕ್ಕೆ ಸೂಲಗಿತ್ತಿ ಗುರುಸಿದ್ದವ್ವ ಸುಣ್ಣ ಬಳಿದು, ಹೆಂಗಸರ ವೇಟಿಂಗ್ ರೂಮನ್ನು ಹೆರಿಗೆ ಕೋಣೆ ಮಾಡಿಕೊಂಡಿದ್ದಳು. ಟಿಕೆಟ್ ಕಿಂಡಿಯಿಂದ ಬಾಣಂತಿಯರಿಗೆ ಬಿಸಿನೀರು ಸಿಗುತ್ತಿತ್ತು. ಸುತ್ತಲ ಏಳು ಹಳ್ಳಿಯ ಮಕ್ಕಳು ಹುಟ್ಟಿದ್ದು ಅಲ್ಲೇ. ಸರಕಾರದ ಕಣ್ಣು ಬೀಳದಿದ್ದುದರಿಂದ ಎಲ್ಲವೂ ಸುಸೂತ್ರವಾಗಿ ನಡೆದಿತ್ತು.

ಒಂದು ದಿನ ಪರಂಪರಾ ಮಂತ್ರಿ ತೋರಣದತ್ತರ ಕಾರು ಆ ದಾರಿಯಲ್ಲಿ ಹಾಯಿತು. ಮರುದಿನವೇ ಆಸ್ಥಾನದಲ್ಲಿ ಪವರ್‌ಪಾಯಿಂಟ್ ಬೆಳಗಿತು.

“ಮಹಾಪ್ರಭೂ, ಈ ಪುರಾತನ ಧೂಮಶಕಟ ನಿಲ್ದಾಣವನ್ನು ಮೂಲಸ್ವರೂಪಕ್ಕೆ ತರತಕ್ಕದ್ದು.”

“ಹಾಗಾದರೆ ರೈಲು?” ಎಂದರು ಮಹಾರಾಜ ಘೋಷಣವರ್ಮರು.

“ಪ್ರಭೂ, ಇತಿಹಾಸ ಶೋಧಿಸಿದ್ದೇವೆ. ಆ ಕಾಲದಲ್ಲೂ ರೈಲು ಹೊತ್ತಿಗೆ ಬರುತ್ತಿರಲಿಲ್ಲ, ಜನ ಕಾಯುತ್ತಿದ್ದರು. ಕಾಯುವುದೇ ಅಲ್ಲಿನ ಪರಂಪರೆ. ರೈಲು ಬಂದುಬಿಟ್ಟರೆ ಪರಂಪರೆಗೆ ಧಕ್ಕೆ!”

“ಎಲಾ! ನಮ್ಮ ಪ್ರಜೆಗಳಿಗೆ ಕಾಯುವ ಅಭ್ಯಾಸ ಚೆನ್ನಾಗಿಯೇ ಇದೆ,” ಎಂದು ಪ್ರಭುಗಳು ಪರಮಾನಂದಪಟ್ಟರು. ಆಸ್ಥಾನಿಕರು ಅವರಿಗಿಂತ ಒಂದು ತೂಕ ಹೆಚ್ಚು ಆನಂದಪಟ್ಟರು.

ರಾಜಾಜ್ಞೆ ಹೊರಟಿತು. ಮನೆಗೊಬ್ಬರಂತೆ ಪಾಳಿಯ ಮೇಲೆ ಗಂಟುಮೂಟೆ ಹಿಡಿದು ಸ್ಟೇಷನ್ನಿನಲ್ಲಿ ಕಾಯತಕ್ಕದ್ದು. ಒಳಗೆ ಬರುವ ಪ್ರತಿ ಜೀವಕ್ಕೂ ಪ್ಲಾಟ್‌ಫಾರಂ ಟಿಕೆಟ್ ಕಡ್ಡಾಯ. ರೈಲು ತಡವಾಗಿ ಬರಲಿದೆಯೆಂದು ಗಂಟೆಗೊಮ್ಮೆ ಮೈಕಿನಲ್ಲಿ ಸಾರತಕ್ಕದ್ದು. ಹೆರಿಗೆ ಕೋಣೆಯನ್ನು ಮುಂದಿನ ಸ್ಟೇಷನ್ನಿಗೆ ವರ್ಗಾಯಿಸಲಾಗಿದೆ. ಬಸುರಿಯರು ರೈಲಿನಲ್ಲಿ ಹೋಗತಕ್ಕದ್ದು.

ಗುರುಸಿದ್ದವ್ವ ಮಂತ್ರಿಯ ಕಾರಿಗೆ ಅಡ್ಡ ನಿಂತಳು. “ಸಾಹೇಬ್ರ, ರೈಲಿಲ್ಲ, ಹಳೀನೂ ಇಲ್ಲ. ದಿನ ತುಂಬಿದಾಕಿ ಹೆಂಗ ಹೋಗ್ಬೇಕ್ರಿ?”

“ಸ್ವಲ್ಪ ಕಾಯಬೇಕಮ್ಮಾ. ಅದೇ ಅಲ್ಲವೇ ಯೋಜನೆ?” ಎಂದು ಮಂತ್ರಿಗಳು ಗಾಜು ಏರಿಸಿಕೊಂಡರು.

ಉದ್ಘಾಟನೆಯ ದಿನ ತುಂಬು ಬಸುರಿ ದ್ಯಾಮವ್ವನ ಮನೆಯ ಪಾಳಿ. ಮಹಾರಾಜರು ವೇಟಿಂಗ್ ರೂಮಿಗೆ ದಯಮಾಡಿಸಿದಾಗ ಅವಳು ಬೆಂಚಿನ ಮೇಲೆ ನೋವು ತಿನ್ನುತ್ತಿದ್ದಳು.

“ಕಾಯುವ ಸಂಕಟವನ್ನು ಎಷ್ಟು ನೈಜವಾಗಿ ಅಭಿನಯಿಸುತ್ತಿದ್ದಾಳೆ!” ಎಂದರು ಪ್ರಭುಗಳು. ಚಪ್ಪಾಳೆ ಬಿತ್ತು. ಉತ್ತಮ ಪ್ರಯಾಣಿಕೆ ಎಂದು ಶಾಲು ಹೊದಿಸಿದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

“ಹೊರಗ ನಡೀರಿ ಎಲ್ಲಾರೂ! ನಾಚ್ಕಿ ಬರಂಗಿಲ್ಲೇನು ನಿಮಗ?” ಎಂದು ಗುರುಸಿದ್ದವ್ವ ನುಗ್ಗಿ ಬಂದಳು. ಅದೇ ಶಾಲನ್ನು ಅಡ್ಡ ಕಟ್ಟಿ ಹೆರಿಗೆ ಮಾಡಿಸಿದಳು. ಕೂಸು ಅತ್ತಿತು.

ಪುನರುದ್ಧಾರವಾದ ಮೇಲೆ ಆ ಸ್ಟೇಷನ್ನಿಗೆ ಯಾರಾದರೂ ಬಂದು ತಲುಪಿದ್ದು ಅದೇ ಮೊದಲು. ತೋರಣದತ್ತರು ಮುಂದೆ ಬಂದರು. “ಇದರ ಟಿಕೆಟ್ ಎಲ್ಲಿ?”

“ಹೊಟ್ಟ್ಯಾಗಿಂದ ಬಂದ ಕೂಸಿಗೆ ಎಲ್ಲಿ ಟಿಕೆಟ್ರೀ?”

ಟಿಕೆಟ್ಟಿಲ್ಲದ ಜೀವವನ್ನು ಒಳಗೆ ತಂದ ಅಪರಾಧಕ್ಕೆ ಸೂಲಗಿತ್ತಿಗೆ ಒಂದು ವರ್ಷದ ಸೆರೆವಾಸವಾಯಿತು. ಮಹಾರಾಜರಿಗೆ ಅದೇ ವೇದಿಕೆಯಲ್ಲಿ ನಿರೀಕ್ಷಾ ಚಕ್ರವರ್ತಿ ಎಂಬ ಬಿರುದು ಕೊಟ್ಟರು.

ಆ ವರ್ಷ ಕರೇಕಟ್ಟಿಯ ನಾಲ್ವರು ಹೆಂಗಸರು ಅದೇ ಬೆಂಚಿನ ಮೇಲೆ ಹೆರಲಾರದೆ ಸತ್ತರು. ನಾಲ್ವರ ಕೈಯಲ್ಲೂ ಟಿಕೆಟ್ ಇತ್ತಾದ್ದರಿಂದ, ಯಾವ ನಿಯಮವೂ ಮುರಿದಿಲ್ಲವೆಂದು ಮಂತ್ರಿಗಳು ವರದಿ ಸಲ್ಲಿಸಿದರು.