ಒತ್ತು ತಪ್ಪಿದ ಲಕ್ಕೋಟೆ

"ಬರುವ ಏಪ್ರಿಲಿನ ಬಿಸು ಹಬ್ಬಕ್ಕೆ ದೇವರ ಮುಂದೆ ಹಣ್ಣುಹಂಪಲು ಜೋಡಿಸಿಡುವ ಕಣಿಯಲ್ಲಿ ನಮ್ಮದೇ ಅಂಗಳದ ಲಕ್ಕೋಟೆ ಹಣ್ಣು ಇರದಿದ್ದರೆ ನನ್ನ ಹೆಸರು ಹಯಗ್ರೀವ ಅಲ್ಲ!"

೧೯೮೧ರ ದೀಪಾವಳಿ ಕಳೆದ ಭಾನುವಾರ ಬನ್ನಂಜೆಯ ತಮ್ಮ ಮನೆಯ ಜಗಲಿಯಲ್ಲಿ ನಿಂತು ಹಯಗ್ರೀವ ಮಾಸ್ಟ್ರು ಹೀಗೆ ಗುಡುಗಿದಾಗ, ಮಣಿಪಾಲದವರೆಗಿನ ಕಾಗೆಗಳೆಲ್ಲ ಒಮ್ಮೆ ಹಾರಿ ಕುಳಿತವು. ಹೆಂಡತಿ ಸುಭಾಷಿಣಿ ಮಾತ್ರ ಅಲುಗಲಿಲ್ಲ.

"ಹಾಗಾದರೆ ರೇಷನ್ ಕಾರ್ಡಿನಲ್ಲಿ ಹೆಸರು ಬದಲಿಸಲಿಕ್ಕೆ ಈಗಲೇ ಅರ್ಜಿ ಕೊಟ್ಟುಬಿಡಿ," ಎಂದರು.

ಆ ಮಾತಿನ ಹಿಂದೆ ಒಂಬತ್ತು ವರ್ಷದ ನಿರಾಶೆ ಇತ್ತು. ಬೆಂಗಳೂರಿನಲ್ಲಿ ತಮ್ಮನಾದ ರಘುಪತಿಯ ಮನೆಯಲ್ಲಿ ಒಮ್ಮೆ ತಿಂದ ಆ ಹಳದಿ ಹಣ್ಣಿನ ಹುಳಿಸಿಹಿಗೆ ಮನಸೋತು, ಬೀಜವನ್ನು ಸೆರಗಿನಲ್ಲಿ ಕಟ್ಟಿ ತಂದು ನೆಟ್ಟವರು ಆಕೆಯೇ. ಗಿಡ ಮರವಾಯಿತು. ಒಂದೊಂದು ಎಲೆಯಲ್ಲೂ ಒಬ್ಬೊಬ್ಬ ಅತಿಥಿಗೆ ಊಟ ಬಡಿಸಬಹುದಿತ್ತು, ಪಾಯಸ ಸಹಿತ! ಆದರೆ ಹಣ್ಣು? ಒಂದೂ ಇಲ್ಲ. ರಘುಪತಿ ವರ್ಷ ವರ್ಷವೂ "ಅಕ್ಕಾ, ಈ ಸಲ ಮೂರು ಬುಟ್ಟಿ!" ಎಂದು ಬರೆಯುತ್ತಿದ್ದ. ಸುಭಾಷಿಣಿ ಓದಿ, ಕಾಗದ ಮಡಚಿಟ್ಟು, ಮರಕ್ಕೆ ಇನ್ನೊಂದು ಕೊಡ ನೀರು ಹೆಚ್ಚು ಹೊಯ್ಯುತ್ತಿದ್ದರು.

"ನನಗೆ ಬುಟ್ಟಿ ಬೇಡ. ಒಂದೇ ಒಂದು ಹಣ್ಣು ಸಾಕು," ಎಂದರು ಈಗ.

"ಹಣ್ಣು ಬಿಡುವ ಮರದ ಕುಡಿ ತರಿಸಿ ಕಸಿ ಕಟ್ಟುತ್ತೇನೆ!"

"ಕಸಿ ಕಟ್ಟಿ ನಿಮಗೆಂತ ಅಭ್ಯಾಸ ಉಂಟು?"

"ಹಯಗ್ರೀವ ಎಂದರೆ ಯಾರು? ಮನುಷ್ಯನ ಮೈಗೆ ಕುದುರೆಯ ತಲೆ! ಕಸಿ ನನ್ನ ಹೆಸರಿನಲ್ಲೇ ಉಂಟು!"

"ಹೌದು, ಹೌದು. ತಲೆ ಯಾವುದು ಹಿಡಿದದ್ದು ಅಂತಲೂ ನನಗೆ ಗೊತ್ತುಂಟು."

ಮಾಸ್ಟ್ರು ಕತ್ತಿ ಹಿಡಿದು ಮರ ಹತ್ತಿದರು. ಕೆಳಗಿನಿಂದ ಸುಭಾಷಿಣಿ ಕೂಗಿದರು: "ಕುಡಿ ಕೈಗೆ ಬಂದ ಮೇಲೆ ಕಡಿಯಿರಿ ಮಾರಾಯ್ರೆ!"

"ಅಂಚೆ ಮೂರು ದಿನದಲ್ಲಿ ಬರುತ್ತದೆ. ನಮ್ಮ ಕಡೆಯಿಂದ ತಡ ಆಗಬಾರದು!"

ಮುಸ್ಸಂಜೆಗೆ ಮರ ಬೋಳು. ನಮ್ಮ ಕಡೆ ಕೊಂಬೆಗೆ ಗೆಲ್ಲು ಎನ್ನುತ್ತಾರೆ. ಇದ್ದ ಗೆಲ್ಲನ್ನೆಲ್ಲ ಸವರಿ ಸೋಲನ್ನು ಮನೆಗೆ ಕರೆದ ವೀರ ಇವರೊಬ್ಬರೇ! ಮೈಕೈ ನೋವಿನಲ್ಲೇ ಭಾವಮೈದುನನಿಗೆ ಒಂದು ಕಾರ್ಡು ಗೀಚಿ ಡಬ್ಬಿಗೆ ಹಾಕಿ ಬಂದರು.

ಐದನೆಯ ದಿನ ರಿಜಿಸ್ಟರ್ ಕಟ್ಟು ಬಂತು. ಮಾಸ್ಟ್ರು ದಾರವನ್ನು ಹಲ್ಲಿನಿಂದಲೇ ಕಚ್ಚಿ ಬಿಚ್ಚಿದರು. ಒಳಗೆ ಕಡ್ಡಿಯೂ ಇಲ್ಲ, ಕುಡಿಯೂ ಇಲ್ಲ. ಕಂದು ಬಣ್ಣದ ಹತ್ತು ದಪ್ಪ ಲಕೋಟೆಗಳು! ಜೊತೆಗೊಂದು ಚೀಟಿ. ಸುಭಾಷಿಣಿ ಗಟ್ಟಿಯಾಗಿ ಓದಿದರು:

"ಭಾವಯ್ಯನವರಿಗೆ ನಮಸ್ಕಾರ. 'ಹತ್ತು ಲಕೋಟೆ ಕೂಡಲೇ ಕಳಿಸು, ಬಲಿತದ್ದೇ ಆಗಬೇಕು' ಎಂದಿರಿ. ಅಂಗಡಿಯಲ್ಲಿದ್ದ ಅತಿ ಬಲಿತದ್ದನ್ನೇ ಕಳಿಸಿದ್ದೇನೆ. 'ಇಲ್ಲಿ ಎಲ್ಲ ಬೋಳಿಸಿ ಕಾಯುತ್ತಿದ್ದೇನೆ' ಎಂದದ್ದು ಓದಿ ಗಾಬರಿಯಾಯಿತು. ಯಾರು ಹೋದದ್ದು? ಉತ್ತರಕ್ರಿಯೆ ಯಾವಾಗ?"

ಹಣ್ಣಿನ ಲಕ್ಕೋಟೆಗೆ ಒತ್ತು ಉಂಟು, ಕಾಗದ ಹಾಕುವ ಲಕೋಟೆಗೆ ಇಲ್ಲ! ಮಾಸ್ಟ್ರ ಕಾರ್ಡಿನಲ್ಲಿ ಒತ್ತೂ ಇರಲಿಲ್ಲ, ಕುಡಿಯ ಮಾತೂ ಇರಲಿಲ್ಲ. ಕಾಪುವಿನ ಶಾಲೆಯಲ್ಲಿ ಒತ್ತಕ್ಷರ ತಪ್ಪಿದ ಮಕ್ಕಳಿಂದ ನೂರು ಸಲ ಬರೆಸುವ ಕನ್ನಡ ಪಂಡಿತರು ಜಗಲಿಯಲ್ಲೇ ಕುಸಿದರು.

ಉಳಿದದ್ದು ಒಂದೇ ದಾರಿ: ಸಂತೆಕಟ್ಟೆಯ ಜೋಕಿಮ್. ಬೆಂಗಳೂರಿನ ಕಾನ್ವೆಂಟ್ ತೋಟದಲ್ಲಿ ಇಪ್ಪತ್ತು ವರ್ಷ ದುಡಿದು ಬಂದ ಮುದುಕ. ಬಂದವನು ಮರವನ್ನು ಮೇಲೆ ಕೆಳಗೆ ನೋಡಿದ.

"ಇದೆಂತ ಮಾಸ್ಟ್ರೇ, ಮರಕ್ಕೆ ತಿರುಪತಿಯ ಹರಕೆ ಇತ್ತಾ?"

"ತಮಾಷೆ ಸಾಕು ಜೋಕಿಮ್. ಹಣ್ಣು ಬಿಡುವ ಹಾಗೆ ಏನಾದರೂ ಮಾಡು."

ಜೋಕಿಮ್ ಬೇಲಿಯ ಬದಿಯ ರಾಶಿಯಿಂದ ಬಾಡಿದ ಗೆಲ್ಲೊಂದನ್ನು ಎಳೆದ. ತುದಿಯಲ್ಲಿ ಕಂದು ರೋಮದ ಗೊಂಚಲು.

"ಇದು ಎಂತ ಗೊತ್ತುಂಟಾ?"

"ರೋಗ! ಈ ವರ್ಷ ತುದಿಗೆಲ್ಲ ಬೂಷ್ಟು ಹಿಡಿದಿತ್ತು. ಹುಡುಕಿ ಹುಡುಕಿ ಮೊದಲು ಅದನ್ನೇ ಕಡಿದೆ."

ಜೋಕಿಮ್ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ.

"ಮೊಗ್ಗು ಮಾರಾಯ್ರೆ! ಲಕ್ಕೋಟೆ ಹೂ ಕಂಬಳಿ ಹೊದ್ದುಕೊಂಡೇ ಬರುವುದು. ಬಿಸುವಿಗೆ ಬುಟ್ಟಿ ತುಂಬುತ್ತಿತ್ತು. ಇನ್ನು ಚಿಗುರಿ ಬಲಿತು ಹೂ ಬಿಡಲಿಕ್ಕೆ ಮೂರ್ನಾಲ್ಕು ವರ್ಷ ಬೇಕು, ಅದೂ ಬದುಕಿದರೆ."

ಮಾಸ್ಟ್ರಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಬಿಡಲಿಲ್ಲ. ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿದ ಸುಭಾಷಿಣಿ ಮೆಲ್ಲನೆ ಇಳಿದು ಬಂದರು. ಬೈಯಲಿಲ್ಲ. ಬೈದಿದ್ದರೆ ಮಾಸ್ಟ್ರು ಬದುಕಿಕೊಳ್ಳುತ್ತಿದ್ದರು! ರಾಶಿಯನ್ನೆಲ್ಲ ಕೆದಕಿ, ಬಾಡಿದ್ದರಲ್ಲೇ ಅರೆಬರೆ ಅರಳಿದ ಒಂದು ಗೊಂಚಲನ್ನು ಆರಿಸಿ, ಮೂಸಿ ನೋಡಿದರು. ಸಣ್ಣ ಪರಿಮಳ ಇನ್ನೂ ಇತ್ತು. ಅದನ್ನು ತುರುಬಿಗೆ ಸಿಕ್ಕಿಸಿಕೊಂಡರು.

"ಮದುವೆಯಾಗಿ ಹತ್ತೊಂಬತ್ತು ವರ್ಷ. ನನಗೆ ಅಂತ ನೀವು ಹೂ ಕೊಯ್ದದ್ದು ಇದೇ ಮೊದಲು," ಎಂದರು ಒಳಗೆ ಹೋಗುತ್ತಾ. "ಇನ್ನೊಮ್ಮೆ ಕೊಯ್ಯುವಾಗ ಮರವನ್ನು ಅಲ್ಲೇ ಬಿಟ್ಟು ಬನ್ನಿ."