ನಮ್ಮ ಮಾವನವರಿಗಿಲ್ಲದ ಹಸು

2002ರ ಮೇ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಮುಳಬಾಗಿಲಿನ ಪಶು ಆಸ್ಪತ್ರೆಯ ಸಾಲಿನಲ್ಲಿ ಹಸುವಿಲ್ಲದೆ ನಿಂತಿದ್ದವನು ನಾನೊಬ್ಬನೇ.

ವಿವರ ಹೀಗಿದೆ. ನಾನು ಪತ್ರಿಕೆಯೊಂದರ ತಾಲ್ಲೂಕು ವರದಿಗಾರ. ಹೆಂಡತಿ ಸರಳಾ ಶಾಲಾ ಶಿಕ್ಷಕಿ. ಮದುವೆಯಾಗಿ ಒಂಬತ್ತು ವರ್ಷವಾದರೂ ಮಕ್ಕಳಾಗಿರಲಿಲ್ಲ. ಬೆಂಗಳೂರಿನ ಡಾಕ್ಟರು ಬೇಸಿಗೆ ರಜೆಯಲ್ಲಿ ಪ್ರನಾಳ ಶಿಶು ಚಿಕಿತ್ಸೆ ಶುರುಮಾಡೋಣವೆಂದು ಇಂಜೆಕ್ಷನ್‌ಗಳ ಡಬ್ಬಿ ಕೊಟ್ಟರು. ಒಂದು ದಿನವೂ ತಪ್ಪಬಾರದು, ಔಷಧಿ ಫ್ರಿಜ್ಜಿನಲ್ಲೇ ಇರಬೇಕು. ಇಲ್ಲದಿದ್ದರೆ ಮತ್ತೆ ಮೊದಲಿನಿಂದ.

ನಮಗೆ ಫ್ರಿಜ್ಜಿರಲಿಲ್ಲ. ಪಕ್ಕದ ಮನೆಯ ನಾಗರತ್ನಮ್ಮನವರಿಗಿತ್ತು. ಇದ್ದದ್ದನ್ನು ಇದ್ದ ಹಾಗೆ ಹೇಳಿ ಇಟ್ಟುಬನ್ನಿ ಎಂದಳು ಸರಳಾ. ಊರಿಗೆಲ್ಲ ಗೊತ್ತಾಗಿ, ಆಮೇಲೆ ಮಗು ಆಗದಿದ್ದರೆ ಎಂಬ ಅಳುಕು ನನಗೆ. ಗುಟ್ಟು ಕಾಯುವುದು ನನ್ನ ಕಸುಬಿನ ಮೊದಲ ಪಾಠ ಎಂದು ಅವಳಿಗೆ ತಿಳಿಹೇಳಿ ಹೊರಟೆ.

"ಏನಪ್ಪಾ ಇದು?" ಎಂದರು ನಾಗರತ್ನಮ್ಮ.

"ಶ್ರೀನಿವಾಸಪುರದಲ್ಲಿ ನಮ್ಮ ಮಾವನವರ ಹಸು ಗಬ್ಬ ನಿಲ್ತಿಲ್ಲ. ಅದಕ್ಕೆ ಔಷಧಿ."

ಮಾವನವರು ನಿವೃತ್ತ ಗುಮಾಸ್ತರು. ಹಸು ಕಂಡರೆ ರಸ್ತೆ ದಾಟುವವರು. ನನ್ನ ಸುಳ್ಳಿನಲ್ಲಿದ್ದದ್ದು ಒಂದೇ ದೋಷ. ಅದನ್ನು ಹೇಳಿದ್ದು ಸೀಮೆಹಸು ಸಾಕುವವರ ಮುಂದೆ!

ಮರುದಿನ ಬೆಳಿಗ್ಗೆ ಸುದ್ದಿ ಹಾಲಿನ ಡೈರಿ ತಲುಪಿತು. ಡೈರಿ ಕಾರ್ಯದರ್ಶಿ ಮನೆಗೆ ಬಂದು, ಔಷಧಿಯ ಬಗ್ಗೆ ಪೇಪರಿನಲ್ಲಿ ಬರೆಯಬೇಕೆಂದು ಕೋರಿದರು. ನಂಗಲಿ ಕಡೆಯ ರೈತರೊಬ್ಬರು ಹಸುವನ್ನೇ ಹೊಡೆದುಕೊಂಡು ಬಂದು ನಮ್ಮ ಗೇಟಿಗೆ ಕಟ್ಟಿದರು. ಸರಳಾ ನಕ್ಕು ನಕ್ಕು ಗೋಡೆಗೆ ಒರಗಿ ಕೂತಳು.

"ರೀ, ಬಾಣಂತನಕ್ಕೂ ಇಲ್ಲೇ ಬಿಟ್ಟುಹೋಗ್ತಾರಾ ಕೇಳಿ."

ಸೋಮವಾರ ನೋಡಿದರೆ ಫ್ರಿಜ್ಜಿನಲ್ಲಿ ಡಬ್ಬಿಯೇ ಇಲ್ಲ. ಗೌರಿಗೂ ಒಂದು ಹಾಕಿಸೋಣವೆಂದು ನಾಗರತ್ನಮ್ಮ ಅದನ್ನು ಐಸಿನ ಜೊತೆ ಹಾಲಿನ ಕ್ಯಾನಿನಲ್ಲಿಟ್ಟುಕೊಂಡು ಪಶು ಆಸ್ಪತ್ರೆಗೆ ಹೋಗಿದ್ದಾರೆಂದು ಅವರ ಸೊಸೆ ಹೇಳಿದಳು. ಗೌರಿ ಎಂದರೆ ಅವರ ಕಪ್ಪು ಬಿಳಿ ಹಸು.

ಓಡಿದೆ. ನಾಗರತ್ನಮ್ಮ ಆಗಲೇ ಸಾಲಿನ ಮುಂದಿನ ತುದಿ ಮುಟ್ಟಿ, ಕ್ಯಾನಿನ ಮುಚ್ಚಳ ತೆಗೆಯುತ್ತಿದ್ದರು. ಮುಂದೆ ನುಗ್ಗಲು ಹೋದರೆ ಜನ ಬಿಡಲಿಲ್ಲ. ಪೇಪರಿನವನಾದರೆ ಕೊಂಬು ಬಂದಿದೆಯಾ, ಸಾಲಲ್ಲಿ ನಿಲ್ಲು ಎಂದರು. ನಿಂತೆ. ಹಸು ಎಲ್ಲಿ ಎಂದು ಕೇಳಿದರು. ಡಾಕ್ಟರು ಸಿರಿಂಜ್ ಎತ್ತಿಕೊಂಡದ್ದು ಕಾಣಿಸಿತು. ಕಾಪಾಡಿದ ಗುಟ್ಟನ್ನು ಇಡೀ ಸಾಲಿಗೆ ಕೇಳುವಂತೆ ನಾನೇ ಬಿಡುಗಡೆ ಮಾಡಿದೆ.

"ನಾಗರತ್ನಮ್ಮ, ಅದು ನನ್ನ ಹೆಂಡ್ತಿಗೆ! ನಮಗೆ ಮಗು ಆಗ್ಲಿ ಅಂತ ತಂದಿದ್ದು!"

ಹಸುಗಳೂ ಮೆಲುಕು ನಿಲ್ಲಿಸಿದ ಹಾಗಾಯಿತು. ನಾಗರತ್ನಮ್ಮ ಮುಚ್ಚಳ ಬಿಗಿದು, ಕ್ಯಾನನ್ನು ಎದೆಗೊತ್ತಿಕೊಂಡು ನನ್ನ ಹತ್ತಿರ ಬಂದರು.

"ಬಂಗಾರದಂಥ ಹೆಂಡ್ತೀನ ಹಸು ಅಂದ್ಯೇನ್ಲಾ? ನಿಜ ಹೇಳಿದ್ದಿದ್ರೆ ಫ್ರಿಜ್ಜಿಗೆ ಬೀಗ ಹಾಕಿ ಕಾಯ್ತಿದ್ದೆ ಕಣೋ."

ಡಬ್ಬಿಯಲ್ಲಿ ಒಂದೂ ಕಡಿಮೆಯಾಗಿರಲಿಲ್ಲ. ಅಂದಿನಿಂದ ಅದರ ಉಸ್ತುವಾರಿ ಅಧಿಕೃತವಾಗಿ ನನ್ನ ಕೈತಪ್ಪಿತು. ಬೆಂಗಳೂರಿನ ಬಸ್ಸಿನಲ್ಲಿ ಸರಳಾಳ ಪಕ್ಕದ ಸೀಟೂ ನಾಗರತ್ನಮ್ಮನವರದಾಯಿತು. ನಾನು ಹಿಂದಿನ ಸೀಟಿನಲ್ಲಿ ಚೀಲ ಹಿಡಿದು ಕೂರುತ್ತಿದ್ದೆ. ಚಿಕಿತ್ಸೆ ಎಲ್ಲಿಗೆ ಬಂತೆಂದು ಡೈರಿಯಲ್ಲಿ ದಿನವೂ ವಿಚಾರಣೆ ನಡೆಯುತ್ತಿತ್ತು.

2003ರ ಫೆಬ್ರವರಿಯಲ್ಲಿ ಕೋಲಾರದ ಆಸ್ಪತ್ರೆಯಲ್ಲಿ ನಮಗೆ ಹೆಣ್ಣು ಮಗು ಹುಟ್ಟಿತು. ಈ ಸುದ್ದಿಯಾದರೂ ಮೊದಲು ನನ್ನಿಂದಲೇ ಹೋಗಲೆಂದು ಬೂತಿಗೆ ಓಡಿ ಡೈರಿಗೆ ಫೋನ್ ಮಾಡಿದೆ. ನಾಗರತ್ನಮ್ಮನವರ ಫೋನ್ ಆಗಲೇ ಬಂದು, ಮೈಸೂರುಪಾಕು ಹಂಚಿ ಮುಗಿದಿದೆ ಎಂದರು ಕಾರ್ಯದರ್ಶಿ.